ನಾಯಿಗೆ ಮನೆ ನೋಡಲು ಹೋದದ್ದು

ನಾಯಿ ಮಲಗುವ ಜಾಗವನ್ನು ಕಣ್ಣಾರೆ ನೋಡಿಕೊಂಡು ಬಾ ಎಂದು ತಂಗಿ ನನ್ನನ್ನು ಕಳಿಸಿದ್ದಳು. ನಾನು ನೋಡಲಿಲ್ಲ. ಜಗಲಿಯ ಕುರ್ಚಿಯಲ್ಲಿ ಕೂತು ಕಾಫಿ ಕುಡಿದು ಬಂದೆ. ಮನೆಗೆ ಬಂದು, ನೋಡಿದೆ, ಚೆನ್ನಾಗಿದೆ ಎಂದೆ. ಎದ್ದು ಆ ಮನೆಯನ್ನು ಒಂದು ಸುತ್ತು ಬಳಸಿದ್ದರೆ ಸಾಕಿತ್ತು. ಮಳೆ ಇರಲಿಲ್ಲ, ಅವಸರವಿರಲಿಲ್ಲ, ಯಾರೂ ಬೇಡ ಎಂದಿರಲಿಲ್ಲ. ಆದರೂ ಏಳಲಿಲ್ಲ. ಯಾಕೆ ಏಳಲಿಲ್ಲ ಎಂಬುದನ್ನು ಆಮೇಲೆ ಬಹಳ ಯೋಚಿಸಿದ್ದೇನೆ.

ನಮ್ಮ ತಾತ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿದವರು. ಶುಂಠಿ, ಜೋಳ ಬೆಳೆಯುವ ಮನೆ ನಮ್ಮದು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗಾಡಿ ಹತ್ತಿದೆ. ಮೊದಲು ಲಾರಿ ಕ್ಲೀನರ್, ಆಮೇಲೆ ಚೆಟ್ಟಳ್ಳಿ ಕಡೆಯ ಒಂದು ಎಸ್ಟೇಟಿನಲ್ಲಿ ಜೀಪ್ ಡ್ರೈವರ್, ಈಗ ಸ್ವಂತದ್ದೊಂದು ಪಿಕಪ್. ತಂಗಿ ಪಿಯುಸಿ ಮುಗಿಸಿ ಬಸ್ ಸ್ಟ್ಯಾಂಡ್ ಹತ್ತಿರ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಮನೆಯಲ್ಲಿ ಅಮ್ಮ, ನಾನು, ಅವಳು, ಮೂವರೇ.

ನಾಯಿಗಳು ನಮ್ಮ ಮನೆಗೆ ಬಂದದ್ದು ಹೊಲಿಗೆ ಮಿಷನ್ನಿನ ದಾರಿಯಿಂದ. ಒಬ್ಬ ಹೆಂಗಸು ಹಳೇ ಕಂಬಳಿಗಳ ಗಂಟೊಂದನ್ನು ಅಂಗಡಿಗೆ ತಂದು, ಇವುಗಳಲ್ಲಿ ನಾಯಿಗೆ ಹಾಸಿಗೆ ಹೊಲಿದು ಕೊಡಿ ಎಂದರಂತೆ. ಅಷ್ಟೊಂದು ಹಾಸಿಗೆ ಯಾವ ನಾಯಿಗೆ ಎಂದು ಇವಳು ಕೇಳಿದ್ದಾಳೆ. ಮೈಸೂರಿನಲ್ಲಿ ಒಂದು ಗುಂಪು ಇದೆಯಂತೆ, ಜನ ಬಿಟ್ಟುಹೋದ ಲ್ಯಾಬ್ರಡಾರ್ ನಾಯಿಗಳನ್ನು ಹಿಡಿದು ತಂದು, ಔಷಧಿ ಮಾಡಿಸಿ, ಬೇರೆ ಮನೆ ಹುಡುಕಿ ಕೊಡುತ್ತದಂತೆ. ಹಾಸಿಗೆ ಹೊಲಿಯುತ್ತ ಹೊಲಿಯುತ್ತ ತಂಗಿ ಆ ಗುಂಪಿಗೇ ಸೇರಿಬಿಟ್ಟಳು. ಕೊಡಗಿನ ಕಡೆ ಎಲ್ಲೇ ಲ್ಯಾಬ್ರಡಾರ್ ಸಿಕ್ಕರೂ ಅವಳಿಗೆ ಫೋನ್ ಬರತೊಡಗಿತು. ಹೋಂಸ್ಟೇಯವರು ಮರಿಯಾಗಿದ್ದಾಗ ಮುದ್ದಾಗಿ ಸಾಕಿ, ಚರ್ಮ ಕೆಟ್ಟ ಮೇಲೆ ಬಿಟ್ಟದ್ದು, ಊರು ಬದಲಾಯಿಸುವವರು ದಾರಿಯಲ್ಲಿ ಇಳಿಸಿ ಹೋದದ್ದು, ಹೀಗೆ.

ನನಗೆ ಅದು ವಿಚಿತ್ರವಾಗಿ ಕಂಡಿತು.

"ಲ್ಯಾಬ್ರಡಾರ್ ಮಾತ್ರಾನಾ? ಬೇರೆ ನಾಯಿಗಳು ಏನ್ ಪಾಪ ಮಾಡಿದ್ವು?" ಎಂದೆ.

"ಕುಶಾಲನಗರದಿಂದ ಎಲ್ಲಾ ಊರಿಗೂ ಒಂದೇ ಬಸ್ ಹೋಗತ್ತಾ ಅಣ್ಣ? ಒಬ್ಬೊಬ್ಬರು ಒಂದೊಂದು ರೂಟ್ ಹಿಡ್ಕೋಬೇಕು."

"ಹಂಗಾದ್ರೆ ಬೀದಿನಾಯಿ ರೂಟ್ ಯಾರ್ದು?"

"ಅದಕ್ಕೂ ಜನ ಇದಾರೆ. ಆ ಬಸ್ಸಲ್ಲಿ ನಿಲ್ಲೋಕೂ ಜಾಗ ಇಲ್ಲ ಅಷ್ಟೇ."

ಗಾಡಿ ನನ್ನ ಹತ್ತಿರ ಇದ್ದುದರಿಂದ ನಾನೂ ಆ ರೂಟಿಗೆ ಬಿದ್ದೆ. ಮೊದಲನೆಯದನ್ನು ತಂದದ್ದು ಸಂಪಾಜೆಯಿಂದ. ಮಂಗಳೂರು ಕಡೆ ಶುಂಠಿ ಇಳಿಸಿ ವಾಪಸ್ ಬರುತ್ತಿದ್ದೆ. ಅಲ್ಲೊಂದು ಟೀ ಅಂಗಡಿಯ ಹತ್ತಿರ ಹಳದಿ ನಾಯಿಯೊಂದಿದೆ, ಕರೆದುಕೊಂಡು ಬಾ ಎಂದು ತಂಗಿಯ ಫೋನ್. ವಯಸ್ಸಾದ ಗಂಡು. ಮೂತಿಯೆಲ್ಲ ಬೆಳ್ಳಗಾಗಿತ್ತು. ಟೀ ಅಂಗಡಿಯವರು ನನ್ನನ್ನು ಕಂಡದ್ದೇ ಕೈ ಮುಗಿದರು.

"ಮಾರಾಯ್ರೆ, ಇದಕ್ಕೆ ಕಾರು ಅಂದ್ರೆ ಮುಗೀತು. ಯಾರು ಬಾಗಿಲು ತೆಗೆದ್ರೂ ಹತ್ತಿ ಕೂತ್ಕೊಳ್ತದೆ. ಮೊನ್ನೆ ಒಂದು ದಿಬ್ಬಣದ ಗಾಡಿಯಲ್ಲಿ ಕೂತಿತ್ತು. ಮದುಮಗಳನ್ನು ಬೇಕಾದ್ರೆ ಇಳಿಸಬಹುದು, ಇದನ್ನು ಇಳಿಸ್ಲಿಕ್ಕೆ ಆಗ್ಲಿಲ್ಲ."

ನಾನು ಪಿಕಪ್ಪಿನ ಬಾಗಿಲು ತೆಗೆದೆ. ಅದು ನನ್ನ ಮುಖ ಕೂಡ ನೋಡದೆ ಹತ್ತಿ ಪಕ್ಕದ ಸೀಟಿನಲ್ಲಿ ಕೂತಿತು. ಘಾಟಿ ಹತ್ತುವಾಗ ಒಂದು ಸಂಗತಿ ಗಮನಿಸಿದೆ. ತಿರುವು ಬರುವ ಮೊದಲೇ ಅದು ಮುಂಗಾಲು ಊರಿ ಗಟ್ಟಿಯಾಗಿ ಕೂರುತ್ತಿತ್ತು. ತಿರುವು ಮುಗಿದ ಕೂಡಲೇ ಸಡಿಲ ಬಿಡುತ್ತಿತ್ತು. ಅದರ ತಲೆ ಡ್ಯಾಶ್‌ಬೋರ್ಡಿಗಿಂತ ಕೆಳಗಿತ್ತು, ರಸ್ತೆ ಕಾಣುವ ಹಾಗೇ ಇರಲಿಲ್ಲ. ಹಾಗಾದರೆ ಗೊತ್ತಾಗುವುದು ಹೇಗೆ? ನೇರ ರಸ್ತೆ ಬಂದಾಗ ಸುಮ್ಮನೆ ಗೇರ್ ಇಳಿಸಿ ನೋಡಿದೆ. ತಕ್ಷಣ ಕಾಲೂರಿತು. ತಿರುವು ಬರಲಿಲ್ಲ. ಆಗ ಮೊದಲ ಸಲ ತಿರುಗಿ ನನ್ನ ಮುಖ ನೋಡಿತು, ಡ್ರೈವಿಂಗ್ ಬರಲ್ವಾ ನಿನಗೆ ಅನ್ನುವ ಹಾಗೆ. ಇಂಥ ರಸ್ತೆಗಳಲ್ಲಿ ಯಾರ ಜೊತೆಗೋ ವರ್ಷಗಟ್ಟಲೆ ಓಡಾಡಿದ ನಾಯಿ ಅದು. ಅಷ್ಟು ದಿನ ಪಕ್ಕದಲ್ಲಿ ಕೂರಿಸಿಕೊಂಡವರು ಯಾವ ಗಳಿಗೆಯಲ್ಲಿ ಇಳಿಸಿ ಹೋಗಲು ನಿರ್ಧರಿಸಿದರು ಎಂದು ಮಡಿಕೇರಿ ಬರುವ ತನಕ ಯೋಚಿಸುತ್ತಿದ್ದೆ. ಅದು ನಮ್ಮ ಮನೆಯಲ್ಲೇ ಉಳಿಯಿತು. ಮುದಿ ನಾಯಿಯನ್ನು ಕೇಳಿಕೊಂಡು ಯಾರೂ ಬರಲಿಲ್ಲ, ನಾವೂ ಬರಲಿ ಎಂದುಕೊಳ್ಳಲಿಲ್ಲ.

ಕಪ್ಪು ಹೆಣ್ಣು ನಾಯಿ ಬಂದದ್ದು ಅದರ ಮರುವರ್ಷ. ಮರಿ ಹಾಕಿಸಿ ಮಾರುವವರ ಶೆಡ್ಡೊಂದರಿಂದ ಗುಂಪಿನವರು ಬಿಡಿಸಿಕೊಂಡು ಬಂದದ್ದು. ಇನ್ನು ಮರಿ ಹಾಕುವುದಿಲ್ಲ ಎಂದು ಗೊತ್ತಾದ ಮೇಲೆ ಶೆಡ್ಡಿನವರಿಗೆ ಬೇಡವಾಗಿತ್ತು. ಹೊಟ್ಟೆಯ ಕೆಳಗೆ ಮೊಲೆಗಳು ಖಾಲಿ ಚೀಲದ ಹಾಗೆ ಜೋಲುತ್ತಿದ್ದವು. ಮನೆ ಸಿಗುವ ತನಕ ನಮ್ಮಲ್ಲಿರಲಿ ಎಂದು ತಂಗಿ ಒಪ್ಪಿಕೊಂಡಿದ್ದಳು. ಹೊಸ ಮನೆಯವರೇ ಹೆಸರಿಡಲಿ, ಎರಡೆರಡು ಹೆಸರು ಕಲಿಯುವ ಕಷ್ಟ ಬೇಡ ಎಂದು ನಾವು ಹೆಸರಿಡಲಿಲ್ಲ. ಅಮ್ಮ 'ಮಗಾ' ಎಂದು ಕರೆಯುತ್ತಿದ್ದಳು, ಅದಕ್ಕೇ ಓಗೊಡುತ್ತಿತ್ತು.

ಗಾಡಿಯಿಂದ ಎತ್ತಿ ಅಂಗಳದಲ್ಲಿ ಇಳಿಸಿದರೆ ಅದು ನಿಂತಲ್ಲೇ ನಡುಗಿತು. ಒಂದು ಕಾಲು ಎತ್ತಿತು, ಅದನ್ನು ಇಟ್ಟು ಇನ್ನೊಂದು ಎತ್ತಿತು, ಕಾದ ಹೆಂಚಿನ ಮೇಲೆ ನಿಲ್ಲಿಸಿದ ಹಾಗೆ. ಕಾಲಿಗೆ ಏನಾದರೂ ಚುಚ್ಚಿದೆಯೇ ಎಂದು ಪಾದ ತಿರುಗಿಸಿ ನೋಡಿದೆ. ಏನೂ ಇರಲಿಲ್ಲ. ತಂಗಿ ಅದನ್ನು ಬಟ್ಟೆ ಒಗೆಯುವ ಸಿಮೆಂಟ್ ಕಟ್ಟೆಯ ಮೇಲೆ ನಿಲ್ಲಿಸಿದಳು. ನಡುಕ ನಿಂತುಹೋಯಿತು. ಆಮೇಲೆ ನಮಗೆ ಅರ್ಥವಾಯಿತು, ಅದು ಮಣ್ಣು ತುಳಿದೇ ಇರಲಿಲ್ಲ. ಹುಟ್ಟಿದ ಮೇಲೆ ಕಂಡದ್ದೆಲ್ಲ ಸಿಮೆಂಟೇ. ಬಟ್ಟಲಲ್ಲಿ ನೀರಿಟ್ಟರೆ ಕುಡಿಯದೆ ನಲ್ಲಿಯ ಮೂತಿ ನೆಕ್ಕುತ್ತಿತ್ತು, ಅಲ್ಲಿ ಪೈಪಿನಲ್ಲಿ ನೀರು ಬಿಡುತ್ತಿದ್ದರೇನೋ. ಉಚ್ಚೆಗೆಂದು ಹುಲ್ಲಿನ ಮೇಲೆ ನಿಲ್ಲಿಸಿದರೆ ತಡೆದುಕೊಂಡು, ತಡೆದುಕೊಂಡು, ಕೊನೆಗೆ ಕಟ್ಟೆಗೆ ಓಡಿ ಬಂದು ಮಾಡುತ್ತಿತ್ತು.

"ಇದೇನ್ಲಾ ಇದು, ನಮ್ಮನೇಲಿ ನಾಯೀಗೂ ಬಾತ್‌ರೂಮು ಬೇಕಲ್ಲಾ!" ಎಂದು ಅಮ್ಮ ಗೊಣಗಿದಳು. ಗೊಣಗುತ್ತಲೇ ಕಟ್ಟೆ ತೊಳೆದಳು.

ತಂಗಿ ಕಟ್ಟೆಯಿಂದ ಸೀಬೆ ಮರದ ತನಕ ಗೋಣಿಚೀಲಗಳನ್ನು ಸಾಲಾಗಿ ಹಾಸಿದಳು. ಗೋಣಿಯ ಮೇಲೆ ನಾಯಿ ನಡೆಯಿತು. ಚೀಲಗಳನ್ನು ಒಂದರಿಂದ ಒಂದು ಸ್ವಲ್ಪ ದೂರ ಎಳೆದರೆ, ನಡುವಿನ ಮಣ್ಣಿನ ಹತ್ತಿರ ಬಂದು ನಿಂತುಬಿಡುತ್ತಿತ್ತು. ನನಗೆ ಒಂದು ಪ್ರಶ್ನೆ ಕಾಡತೊಡಗಿತು. ಮಣ್ಣಿನ ಹೆದರಿಕೆ ಅದರ ಕಣ್ಣಿನಲ್ಲಿದೆಯೋ ಕಾಲಿನಲ್ಲಿದೆಯೋ? ಶುಂಠಿ ಹೊಲದ ಸಡಿಲ ಮಣ್ಣನ್ನು ಬುಟ್ಟಿಯಲ್ಲಿ ತಂದು ಗೋಣಿಯ ಮೇಲೆ ತೆಳ್ಳಗೆ ಉದುರಿಸಿದೆ. ನಾಯಿ ಬಂತು. ನಿಂತಿತು. ಮೂಸಿತು. ಕಾಲಿಟ್ಟಿತು. ಕೆಳಗೆ ಗೋಣಿ ಸಿಕ್ಕಿದ್ದಕ್ಕೋ ಏನೋ, ಇನ್ನೊಂದು ಕಾಲೂ ಇಟ್ಟಿತು. ಕಾಲಿನಲ್ಲೇ ಇದ್ದದ್ದು! ದಿನವೂ ಗಾಡಿ ಓಡಿಸಿ ಬಂದ ಮೇಲೆ ಒಂದಿಷ್ಟು ಮಣ್ಣು ಹೆಚ್ಚು ಹಾಕುವುದೇ ನನ್ನ ಕೆಲಸವಾಯಿತು.

"ಅಣ್ಣ, ಅವಳಿಗೆ ದಾರಿ ಮಾಡ್ತಿದೀಯೋ, ಶುಂಠಿ ಮಡಿ ಮಾಡ್ತಿದೀಯೋ?" ಎಂದು ತಂಗಿ ನಗುತ್ತಿದ್ದಳು.

ಮಣ್ಣು ದಪ್ಪವಾಗುತ್ತ ಬಂತು, ಒಂದೊಂದೇ ಗೋಣಿಯನ್ನು ಕೆಳಗಿನಿಂದ ಎಳೆದು ತೆಗೆದೆವು. ಒಂದು ಬೆಳಿಗ್ಗೆ ಅಮ್ಮ ಕೂಗಿದಳೆಂದು ಹೊರಗೆ ಬಂದು ನೋಡಿದರೆ, ರಾತ್ರಿಯ ಮಳೆಗೆ ನೆಂದ ಹೊಲದಲ್ಲಿ ಅದು ಬೆನ್ನ ಮೇಲೆ ಬಿದ್ದು ನಾಲ್ಕೂ ಕಾಲು ಮೇಲೆತ್ತಿ ಹೊರಳಾಡುತ್ತಿತ್ತು. ಎದ್ದು ಬಂದಾಗ ಕಪ್ಪು ನಾಯಿ ಕೆಂಪಾಗಿತ್ತು. ತಂಗಿ ಸ್ವೆಟರ್ ಹಾಕಿಕೊಂಡಿದ್ದಳು, ಆ ಕೆಸರನ್ನು ಹಾಗೆಯೇ ತಬ್ಬಿಕೊಂಡಳು.

ಇಟ್ಟುಕೊಂಡುಬಿಡೋಣವೇ ಎಂದು ನಾನೇ ಕೇಳಿದೆ.

"ಇಟ್ಕೊಂಡ್ರೆ ಇವಳೊಬ್ಬಳು ಅಣ್ಣ. ಕೊಟ್ರೆ ಇವಳ ಜಾಗಕ್ಕೆ ಇನ್ನೊಬ್ಬಳು ಬರ್ತಾಳೆ. ನಮ್ಮನೆ ಬಸ್ ಸ್ಟ್ಯಾಂಡು, ಡಿಪೋ ಅಲ್ಲ" ಎಂದಳು. ಆದರೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

ನಾಯಿ ಬೇಕೆಂದು ಕೇಳಿದವರು ನಾನು ಹಿಂದೆ ಜೀಪ್ ಓಡಿಸುತ್ತಿದ್ದ ಎಸ್ಟೇಟಿನ ಸಾಹುಕಾರರೇ. ಗುಂಪಿನದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಕೇಳಿದವರ ಮನೆಗೆ ಯಾರಾದರೂ ಹೋಗಬೇಕು, ನಾಯಿ ಎಲ್ಲಿ ಮಲಗುತ್ತದೆ, ಹಗಲು ಎಲ್ಲಿರುತ್ತದೆ ಎಂದು ನೋಡಬೇಕು, ಆಮೇಲೇ ಮಾತು. ತಂಗಿಗೆ ಅದು ಮದುವೆ ಸೀಸನ್, ಬ್ಲೌಸುಗಳು ರಾಶಿ ಬಿದ್ದಿದ್ದವು. ನಾನು ಆ ಮನೆ ಬಲ್ಲವನು. "ನಮ್ಮಣ್ಣ ಹೋಗ್ತಾನೆ, ಅವನು ನೋಡಿದ್ರೆ ನಾನು ನೋಡಿದ ಹಾಗೇ" ಎಂದು ಅವಳು ಮೈಸೂರಿನವರಿಗೆ ಫೋನಿನಲ್ಲಿ ಹೇಳಿದ್ದು ನನ್ನ ಎದುರಿಗೇ.

ನನಗೆ ಅವಳು ಹೇಳಿಕೊಟ್ಟದ್ದು ಬೇರೆ ರೀತಿಯಲ್ಲಿ. ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಲು ಹೋಗುತ್ತಾರೆ. ಹೋದ ಹಿರಿಯರು ಹಟ್ಟಿ ನೋಡುತ್ತಾರೆ, ಬಾವಿ ನೋಡುತ್ತಾರೆ, ಅಡುಗೆಮನೆಗೆ ಇಣುಕುತ್ತಾರೆ. ಮನಸ್ಸಿಗೆ ಬರುವ ತನಕ ಅಲ್ಲಿ ಏನೂ ಬಾಯಿಗೆ ಹಾಕುವುದಿಲ್ಲ. ಹಾಕಿದರೆ ಒಪ್ಪಿದ ಹಾಗೇ.

"ಹಂಗೇ ಅಂದ್ಕೋ. ಹಿತ್ತಲು ನೋಡೋ ತನಕ ಕಾಫಿ ಮುಟ್ಟಬೇಡ" ಎಂದಳು.

ಅಮ್ಮ ಒಳಗಿನಿಂದ ಕೇಳಿಸಿಕೊಂಡಳು. "ಇವನಿಗೆ ಒಂದು ಹೆಣ್ಣು ನೋಡಕ್ಕೆ ಗತಿ ಇಲ್ಲ, ನಾಯಿಗೆ ಮನೆ ನೋಡಕ್ಕೆ ಹೊಂಟವ್ನೆ. ಅಲ್ಲೇ ಯಾರಾದ್ರೂ ಇದ್ರೆ ನಿಂಗೂ ಒಂದು ಕೇಳ್ಕೊಂಡು ಬಾ" ಎಂದಳು.

ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದೆ.

ಆ ಎಸ್ಟೇಟಿನಲ್ಲಿ ನಾನು ಕೆಲಸಕ್ಕಿದ್ದಷ್ಟು ವರ್ಷವೂ ಬಂಗಲೆಯ ಪಕ್ಕದ ಗೇಟಿನಿಂದಲೇ ಓಡಾಡಿದವನು. ಜೀಪ್ ಶೆಡ್ಡಿನ ಹತ್ತಿರ ನಿಂತಿರುತ್ತಿದ್ದೆ. ಕಾಫಿ ಬಂದರೆ ಅಲ್ಲಿಗೇ ಸ್ಟೀಲ್ ಲೋಟದಲ್ಲಿ ಬರುತ್ತಿತ್ತು. ಸಾಹುಕಾರರು ಕೆಟ್ಟವರಲ್ಲ, ಬೈಯುತ್ತಿರಲಿಲ್ಲ. 'ಜೀಪ್ ತೆಗಿಯೋ', 'ಹೋಗಿ ಬಾರೋ', ಅಷ್ಟೇ ಮಾತು. ಅವತ್ತು ಅಭ್ಯಾಸದಂತೆ ಪಕ್ಕದ ಗೇಟಿಗೇ ಗಾಡಿ ತಿರುಗಿಸಿದ್ದೆ. ಅವರು ಮುಂದಿನ ಜಗಲಿಯಿಂದ ಕೈ ಬೀಸಿದರು.

"ಅಲ್ಲಿ ಯಾಕೆ, ಈ ಕಡೆ ಬನ್ನಿ. ಬನ್ನಿ, ಕೂತ್ಕೊಳ್ಳಿ."

ಅವರ ಬಾಯಿಂದ ನನಗೆ 'ಬನ್ನಿ' ಬಂದದ್ದು ಅದೇ ಮೊದಲು. ಬೆತ್ತದ ಕುರ್ಚಿ ತೋರಿಸಿದರು. ನಾನು ಅದರ ಅಂಚಿನಲ್ಲಿ ಕೂತೆ. ಕೂತ ಮೇಲೆ ಅಲ್ಲಿಂದ ಕಾಫಿ ತೋಟ ಹೇಗೆ ಕಾಣುತ್ತದೆ ಎಂಬುದು ಗೊತ್ತಾಯಿತು. ಅಷ್ಟು ವರ್ಷ ಆ ತೋಟದ ಒಳಗೇ ಓಡಾಡಿದ್ದರೂ ಹೀಗೆ ಇಳಿದು ಹೋಗುವ ಹಸಿರನ್ನು ನೋಡಿರಲಿಲ್ಲ. ಸಾಹುಕಾರರ ಹೆಂಡತಿ, ಅಮ್ಮಾವ್ರು, ತಾವೇ ತಟ್ಟೆ ಸಹಿತ ಪಿಂಗಾಣಿ ಕಪ್ಪಿನಲ್ಲಿ ಕಾಫಿ ತಂದುಕೊಟ್ಟರು. ನಾನು ಅದನ್ನು ತೆಗೆದುಕೊಂಡೆ. ತಟ್ಟೆಯ ಮೇಲೆ ಕಪ್ಪು ಕಟಕಟ ಎನ್ನದಿರಲಿ ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದ ಚಿಂತೆ.

"ನಾಯಿ ಕಚ್ಚುತ್ತಾ?" ಎಂದು ಕೇಳಿದರು.

"ಇಲ್ಲ ಸಾರ್, ಬಹಳ ಸಾಧು."

"ಬೊಗಳುತ್ತಾ?"

"ಅಪರೂಪ."

"ಪರವಾಗಿಲ್ಲ. ಕಪ್ಪು ನಾಯಿ ಅಲ್ವಾ, ಕಂಡ್ರೇ ಸಾಕು, ಹೆದರ್ತಾರೆ."

ಯಾರು ಹೆದರಬೇಕು, ಎಲ್ಲಿ, ಎಂದು ಅಲ್ಲಿಯೇ ಕೇಳಬೇಕಿತ್ತು. ಕೇಳದೆ ಕಾಫಿ ಗುಟುಕರಿಸಿದೆ. ಬಂಗಲೆಯ ಹಿಂದೆ, ಕಾಫಿ ಒಣಗಿಸುವ ಸಿಮೆಂಟ್ ಕಣದ ಮೂಲೆಯಲ್ಲಿ, ಕಬ್ಬಿಣದ ಸರಳಿನ ನಾಯಿಗೂಡೊಂದಿತ್ತು ಎಂಬುದು ನನಗೆ ನೆನಪಿರಲಿಲ್ಲ ಎಂದು ಹೇಳಲಾರೆ. ನಾನಿದ್ದಾಗ ಅದರಲ್ಲಿ ಒಂದು ಕಾವಲು ನಾಯಿ ಇರುತ್ತಿತ್ತು. ಅದು ಸತ್ತು ಬಹಳ ಕಾಲವಾಯಿತು, ಗೂಡನ್ನು ಒಡೆದು ಹಾಕಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಕುರ್ಚಿ ಕೊಟ್ಟು ಕೂರಿಸಿದವರಿಗೆ, ಏಳಿ, ನಿಮ್ಮ ಹಿತ್ತಲು ತೋರಿಸಿ ಎನ್ನುವುದು ಹೇಗೆ? ಅವರಿಗೆ ಬೇಸರವಾಗುತ್ತದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಅವರ ಬೇಸರದ ಚಿಂತೆ ಅಷ್ಟೊಂದಿರಲಿಲ್ಲ. ಎದ್ದು ಹಿತ್ತಲ ಕಡೆ ಹೋದರೆ, ಜೀಪ್ ಶೆಡ್ಡಿನ ಹತ್ತಿರ ಹೋದರೆ, ನಾನು ಮತ್ತೆ ಆ ಹಳೇ ಡ್ರೈವರ್ ಆಗಿಬಿಡುತ್ತೇನೆ ಅನ್ನಿಸಿತು. ಕುರ್ಚಿ ಬಿಟ್ಟು ಏಳಲು ಮನಸ್ಸಾಗಲಿಲ್ಲ. ಕಾಫಿ ಮುಗಿಸಿ, ನಮಸ್ಕಾರ ಹೇಳಿ ಬಂದೆ.

ತಂಗಿ ಕತ್ತರಿ ಕೆಳಗಿಟ್ಟು ಕೇಳಿದಳು. "ನೋಡ್ದಾ?"

"ನೋಡ್ದೆ. ಚೆನ್ನಾಗಿದೆ."

"ಎಲ್ಲಿ ಮಲಗಿಸ್ತಾರಂತೆ?"

"ಒಳಗೇ ಜಾಗ ಮಾಡಿದಾರೆ."

"ಓಡಾಡೋಕೆ ಮಣ್ಣು ಇದೆಯಾ?"

"ಎಸ್ಟೇಟ್ ಕಣವ್ವ ಅದು. ಮಣ್ಣಿಲ್ದೆ ಕಾಫಿ ಆಕಾಶದಲ್ಲಿ ಬೆಳೀತಾರಾ?"

ಅವಳು ನಕ್ಕಳು. ಆ ನಗು ಬರಲಿ ಎಂದೇ ಹಾಗೆ ಹೇಳಿದ್ದು.

ನಾಯಿಯನ್ನು ಬಿಟ್ಟುಬಂದದ್ದೂ ನಾನೇ, ಮುಂದಿನ ಗೇಟಿನಲ್ಲಿ. ಅಮ್ಮಾವ್ರು ಕೆಂಪು ಬೆಲ್ಟು ತಂದಿಟ್ಟಿದ್ದರು. ತಂಗಿ ಅವತ್ತು ಗೋಣಿಚೀಲಗಳನ್ನೆಲ್ಲ ಒಗೆದು ಒಣಗಿಸಿ ಮಡಚಿಟ್ಟಳು, ಮುಂದೆ ಬರುವವರಿಗೆ ಬೇಕಾಗುತ್ತದೆ ಎಂದು. ಒಂದೆರಡು ದಿನ ಬಿಟ್ಟು ಅವಳ ಫೋನಿಗೆ ಒಂದು ಫೋಟೋ ಬಂತು. ಬಂಗಲೆಯ ಮುಂದಿನ ಹುಲ್ಲಿನ ಮೇಲೆ ಕೆಂಪು ಬೆಲ್ಟಿನ ಕಪ್ಪು ನಾಯಿ. ಹುಲ್ಲಿನ ಮೇಲೆ ಕೂತಿದೆ ನೋಡು ಅಣ್ಣ, ಹುಲ್ಲಿನ ಮೇಲೆ ಎಂದು ನನಗೆ ತೋರಿಸಿ, ಅಂಗಡಿಗೆ ಬಂದವರಿಗೆಲ್ಲ ತೋರಿಸಿದಳು. ನನ್ನ ಎದೆ ಹಗುರವಾಯಿತು. ನೋಡದೆ ಹೇಳಿದ್ದು ನಿಜವೇ ಆಯಿತಲ್ಲ ಎಂದು ಸಮಾಧಾನಪಟ್ಟೆ.

ಕಾಫಿ ಪಿಕಿಂಗ್ ಶುರುವಾದಾಗ ಆ ಎಸ್ಟೇಟಿನಿಂದ ಚೀಲ ಸಾಗಿಸಲು ನನ್ನ ಗಾಡಿಯನ್ನು ಕರೆದರು. ಚೀಲ ತುಂಬುವುದು ಕಣದಲ್ಲಿ. ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದೆ, ಕನ್ನಡಿಯಲ್ಲಿ ಗೂಡು ಕಾಣಿಸಿತು. ಸರಳಿಗೆ ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು. ಒಳಗೆ ಅವಳು ನಿಂತಿದ್ದಳು.

ಇಳಿದು ಹೋದೆ. ಹೊಡೆದ ಗುರುತಿಲ್ಲ, ಹಸಿವಿನ ಗುರುತಿಲ್ಲ. ಮೈ ತುಂಬಿಕೊಂಡಿತ್ತು, ಕೂದಲು ಮಿರಿಮಿರಿ ಮಿಂಚುತ್ತಿತ್ತು. ಕೆಳಗೆ ಸಿಮೆಂಟು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಚೀಲ ಎಣಿಸುತ್ತಿದ್ದವರು ಅಲ್ಲಿಂದಲೇ ಹೇಳಿದರು, "ಹಗಲು ಗೂಡಲ್ಲಿ ಇರತ್ತೆ. ರಾತ್ರಿ ಕಣದಲ್ಲಿ ಬಿಡ್ತೀವಿ, ಕಾಫಿ ಕಾವಲಿಗೆ. ಒಳ್ಳೇ ನಾಯಿ, ಒಂದು ದಿನಾನೂ ಕಣ ದಾಟಿ ಮಣ್ಣಿಗೆ ಹೋಗಿಲ್ಲ."

ಅದನ್ನು ಅವರು ಹೊಗಳಿಕೆಯಾಗಿ ಹೇಳಿದರು.

ಅವಳು ಸರಳಿಗೆ ಮೈ ಒತ್ತಿ ನಿಂತು ನನ್ನ ಪ್ಯಾಂಟು ಮೂಸಿದಳು. ಮುದಿ ನಾಯಿಯ ವಾಸನೆ, ನಮ್ಮ ಮನೆಯ ವಾಸನೆ ಅದರಲ್ಲಿ ಇದ್ದಿರಬೇಕು. ನನಗೆ ಏನು ಮಾಡಬೇಕೋ ತೋಚದೆ, ಕಣದ ಅಂಚಿನ ಕಾಫಿ ಗಿಡದ ಬುಡದಿಂದ ಒಂದು ಹಿಡಿ ಮಣ್ಣು ತಂದು ಸರಳಿನ ಸಂದಿಯಿಂದ ಒಳಗೆ ಹಾಕಿದೆ. ಮೂಸಿದಳು. ಆಮೇಲೆ ಮೆಲ್ಲಗೆ ಮಲಗಿ, ಆ ಹಿಡಿ ಮಣ್ಣಿನ ಮೇಲೆ ಗಲ್ಲ ಇಟ್ಟುಕೊಂಡಳು. ನಾನು ಚೀಲ ತುಂಬಿಸಿಕೊಂಡು ಗಾಡಿ ಹೊರಡಿಸಿದೆ. ಗೇಟು ದಾಟುವಾಗ ಸಾಹುಕಾರರು ಜಗಲಿಯಿಂದ ಕೈ ಎತ್ತಿದರು, ನಾನೂ ಎತ್ತಿದೆ.

ಮನೆಗೆ ಬಂದರೆ ತಂಗಿ ಕಾಯುತ್ತಿದ್ದಳು. "ಆ ಕಡೆ ಹೋಗಿದ್ಯಲ್ಲಾ, ಸಿಕ್ಕಿದ್ಲಾ? ಹೆಂಗಿದಾಳೆ?"

"ದಪ್ಪ ಆಗಿದಾಳೆ" ಎಂದೆ. ಅದು ಸುಳ್ಳಲ್ಲ. ಸುಳ್ಳಲ್ಲದ ಮಾತಿನ ಹಿಂದೆ ಎಷ್ಟೊಂದನ್ನು ಬಚ್ಚಿಡಬಹುದು ಎಂದು ನನಗೇ ಆಶ್ಚರ್ಯವಾಯಿತು. ಹೇಳಿದರೆ, ಅವತ್ತು ನೀನು ನೋಡಿದ್ದೇನು ಎಂದು ಕೇಳುತ್ತಾಳೆ. ಆ ಪ್ರಶ್ನೆಗೆ ಹೆದರಿ, ಪಿಕಿಂಗ್ ಮುಗಿಯುವ ತನಕವೂ ಬಾಯಿ ಬಿಡಲಿಲ್ಲ. ಆ ಎಸ್ಟೇಟಿನ ಟ್ರಿಪ್ಪುಗಳನ್ನು ಇನ್ನೊಬ್ಬ ಡ್ರೈವರಿಗೆ ದಾಟಿಸಿದೆ.

ಹೂಮಳೆ ಬಿದ್ದು ಕಾಫಿ ಹೂವರಳಿ ತೋಟಗಳು ಬೆಳ್ಳಗಾಗಿದ್ದ ದಿನಗಳಲ್ಲಿ ಸಾಹುಕಾರರೇ ತಂಗಿಗೆ ಫೋನ್ ಮಾಡಿದರು. ನಾಯಿ ಬಹಳ ಚೆನ್ನಾಗಿದೆ, ಒಂದೇ ಆದರೆ ಬೇಜಾರು ಮಾಡಿಕೊಳ್ಳುತ್ತದೆ, ಇನ್ನೊಂದಿದ್ದರೆ ಕೊಡಿ ಎಂದರು. ಆಗ ನಮ್ಮಲ್ಲಿ ಕಂದು ಬಣ್ಣದ ಹರೆಯದ ಗಂಡು ನಾಯಿ ಇತ್ತು. ಮುರಿದ ಕಾಲು ಕೂಡಿಕೊಂಡು ಆಗಷ್ಟೇ ಓಡಲು ಕಲಿತಿತ್ತು. ತಂಗಿಗೆ ಹಿಡಿಸಲಾರದಷ್ಟು ಖುಷಿ. ಮನೆ ಹೇಗೂ ಅಣ್ಣ ನೋಡಿದ್ದಾನೆ ಎಂದು ಮೈಸೂರಿಗೆ ಹೇಳಿ ಒಪ್ಪಿಸಿಯೂ ಬಿಟ್ಟಳು. ಹಳೇ ಜೀನ್ಸ್ ಬಟ್ಟೆಯಲ್ಲಿ ಎರಡು ಹಾಸಿಗೆ ಹೊಲಿದಳು, ಅಂಗಡಿಗೆ ರಜೆ ಹಾಕಿದಳು, ಈ ಸಲ ತಾನೂ ಬರುತ್ತೇನೆ ಎಂದಳು.

ಗಾಡಿಯಲ್ಲಿ ನಾಯಿ ಅವಳ ತೊಡೆಯ ಮೇಲೆ ತಲೆ ಇಟ್ಟಿತ್ತು. ಸುಂಟಿಕೊಪ್ಪದಲ್ಲಿ ಚೆಟ್ಟಳ್ಳಿಗೆ ಎಡಕ್ಕೆ ತಿರುಗಬೇಕು. ನಾನು ತಿರುಗಿಸಲಿಲ್ಲ. ಮುಂದೆ ಹೋಗಿ ರಸ್ತೆಯ ಪಕ್ಕ ನಿಲ್ಲಿಸಿದೆ.

"ಯಾಕಣ್ಣ, ಏನಾಯ್ತು ಗಾಡಿಗೆ?"

"ಗಾಡಿಗೇನೂ ಆಗಿಲ್ಲ."

ಹೇಳಿದೆ. ಗೂಡು, ಸಿಮೆಂಟು, ಹಗಲೆಲ್ಲ ಒಳಗೆ, ರಾತ್ರಿ ಕಣದಲ್ಲಿ. ಹೇಳುವಾಗ ನಡುನಡುವೆ ಏನೇನೋ ಸೇರಿಸಿದೆ. ಸಾಹುಕಾರರು ಕುರ್ಚಿ ಕೊಟ್ಟರು, ಬನ್ನಿ ಅಂದರು, ಹಿತ್ತಲ ಸುದ್ದಿಯನ್ನೇ ಎತ್ತಲಿಲ್ಲ, ನಮ್ಮನ್ನು ನಂಬಿಸಿ ಮೋಸ ಮಾಡಿದರು ಎಂದೆ. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ನಾಯಿಯ ಕಿವಿಯನ್ನು ಬೆರಳಲ್ಲಿ ಸುತ್ತುತ್ತ ಕೂತಿದ್ದಳು.

"ಯಾವಾಗ ನೋಡಿದ್ದು ನೀನು?"

"ಪಿಕಿಂಗ್ ಟೈಮಲ್ಲಿ."

"ಈಗ ಹೂ ಬಂದಿದೆ" ಎಂದಳು. "ಗಾಡಿ ತಿರುಗಿಸು."

"ಮನೆಗಾ?"

"ಚೆಟ್ಟಳ್ಳಿಗೆ."

ಸಾಹುಕಾರರು ಜಗಲಿಯಲ್ಲೇ ಇದ್ದರು. ಕುರ್ಚಿ ತೋರಿಸಿದರು. ತಂಗಿ ಕೂರಲಿಲ್ಲ. "ಮೊದಲು ಅವಳು ಮಲಗೋ ಜಾಗ ನೋಡ್ಬೋದಾ ಸಾರ್?" ಎಂದಳು.

"ಅದಕ್ಕೇನಮ್ಮ, ಬಾ" ಎಂದು ಅವರು ಎದ್ದೇ ಬಿಟ್ಟರು. ಚಪ್ಪಲಿ ಮೆಟ್ಟಿಕೊಂಡು ಮುಂದೆ ಮುಂದೆ ನಡೆದರು. ನಾನು ಹಿಂದೆ ಹೋದೆ. ಅಷ್ಟೇ ಇತ್ತು ಆ ಕೆಲಸ. ಒಂದು ಮಾತು ಕೇಳಬೇಕಿತ್ತು, ಅವರು ಎದ್ದು ಬರುತ್ತಿದ್ದರು.

ಗೂಡಿನ ಮುಂದೆ ನಿಂತು ತಂಗಿ ವಿಷಯ ಹೇಳಿದಳು. ಶೆಡ್ಡಿನ ಕಥೆ, ಮಣ್ಣಿನ ಕಥೆ, ಗೋಣಿಚೀಲದ ಕಥೆ. ಸಾಹುಕಾರರು ಪೂರ್ತಿ ಕೇಳಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಗಲಿಬಿಲಿಯಿತ್ತು.

"ಇದೆಲ್ಲ ನನಗೆ ಯಾರೂ ಹೇಳ್ಲಿಲ್ಲವಲ್ಲಮ್ಮ. ನಮ್ಮ ತಂದೆ ಕಾಲದಿಂದ ಇಲ್ಲಿ ನಾಯಿ ಗೂಡಲ್ಲೇ ಇರೋದು. ನಿಮ್ಮಣ್ಣನಿಗೆ ಗೊತ್ತಲ್ವಾ, ಇಲ್ಲೇ ಇದ್ದವರು. ಗೊತ್ತಿದ್ದೂ ಏನೂ ಅನ್ನಲಿಲ್ಲ, ಹಾಗಾಗಿ ಸರಿ ಅಂದ್ಕೊಂಡೆ. ಅವತ್ತು ಕೇಳಿದ್ರೆ ಅವತ್ತೇ ತೋರಿಸ್ತಿದ್ದೆ. ನಿಮ್ಮಲ್ಲಿ ಆಗೋದಿಲ್ಲ ಅಂದಿದ್ರೆ, ಆಯ್ತು, ಬೇಡ ಬಿಡಿ ಅಂತಿದ್ದೆ."

ನಂಬಿಸಿ ಮೋಸ ಮಾಡಿದರು ಎಂದು ಗಾಡಿಯಲ್ಲಿ ಹೇಳಿದ್ದೆನಲ್ಲ. ತಂಗಿ ನನ್ನ ಕಡೆ ತಿರುಗಿ ನೋಡಿದಳು. ನಾನು ಕಣದ ಅಂಚು ನೋಡುತ್ತ ನಿಂತೆ.

ಕರೆದುಕೊಂಡು ಹೋಗಿ ಎಂದು ಅವರೇ ಗೂಡಿನ ಚಿಲಕ ತೆಗೆದರು. ಅಮ್ಮಾವ್ರು ಉಳಿದಿದ್ದ ನಾಯಿ ಬಿಸ್ಕೆಟ್ಟಿನ ಡಬ್ಬ ತಂದು ಕೊಟ್ಟು, ನಾಯಿಯ ತಲೆ ಸವರಿ, ಸೆರಗಿನಿಂದ ಕಣ್ಣೊರೆಸಿಕೊಂಡರು. ಪ್ರೀತಿಯಿಲ್ಲದ ಮನೆ ಎಂದು ಹೇಳಿಕೊಳ್ಳುವ ಸಮಾಧಾನವೂ ನನಗೆ ಉಳಿಯಲಿಲ್ಲ. ಕಣದ ಅಂಚಿಗೆ ಬಂದು ಅವಳು ನಿಂತಳು. ಮಣ್ಣು ಶುರುವಾಗುವ ಕಡೆ ಕಾಲು ಮುಂದಿಡಲಿಲ್ಲ. ಕಲಿತದ್ದೆಲ್ಲ ಹೋಗಿತ್ತು. ನಾನು ಬಗ್ಗಿ ಎತ್ತಿಕೊಂಡೆ. ಗಾಡಿಯ ತನಕ ತರುವಷ್ಟರಲ್ಲಿ ಅವಳ ಎದೆ ನನ್ನ ಎದೆಗೆ ಬಡಿಯುವುದು ಗೊತ್ತಾಗುತ್ತಿತ್ತು.

ವಾಪಸ್ ಬರುವಾಗ ಎರಡು ನಾಯಿಗಳೂ ನಮ್ಮಿಬ್ಬರ ನಡುವೆ ಇಕ್ಕಟ್ಟಿನಲ್ಲಿ ಕೂತಿದ್ದವು. ಸುಂಟಿಕೊಪ್ಪ ದಾಟುವಾಗ ತಂಗಿ ಹೇಳಿದಳು.

"ಇವತ್ತು ಮೈಸೂರಿಗೆ ಹೇಳ್ಬೇಕು. ನೀನು ನೋಡಿದ್ರೆ ನಾನು ನೋಡಿದ ಹಾಗೆ ಅಂದಿದ್ದೆ. ಇನ್ಮೇಲೆ ಮನೆ ನೋಡೋ ಕೆಲಸ ನಂಗೆ ಕೊಡಲ್ಲ ಅವ್ರು. ಕೊಡಲೂಬಾರದು."

"ಅಲ್ಲವ್ವ, ಆ ಕುರ್ಚೀಲಿ ಕೂತಾಗ..."

"ಕುರ್ಚಿ ವಿಷಯ ಆಗ್ಲೇ ಹೇಳಿದ್ಯಲ್ಲ ಅಣ್ಣ."

ಓಡಿಸುತ್ತ ಓಡಿಸುತ್ತ ಒಂದು ಸಂಗತಿ ಹೊಳೆಯಿತು. 'ತಪ್ಪಾಯ್ತು' ಎಂಬ ಮಾತನ್ನು ನಾನು ಜೀವನದಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೆ! ಪೊಲೀಸರಿಗೆ, ಚೆಕ್‌ಪೋಸ್ಟಿನವರಿಗೆ, ಇದೇ ಸಾಹುಕಾರರಿಗೆ, ಎದುರು ಬಂದ ಬಸ್ಸಿನ ಡ್ರೈವರಿಗೆ. ನಾಲಿಗೆಗೆ ಏನೂ ಭಾರವಿಲ್ಲದೆ ಬರುತ್ತಿತ್ತು. ತಂಗಿಗೆ ಒಂದು ಸಲವೂ ಹೇಳಿದ್ದು ನೆನಪಾಗಲಿಲ್ಲ. ನಮ್ಮ ಮನೆಗಳಲ್ಲಿ ಅಣ್ಣನಾದವನು ತಂಗಿಗೆ ಅದನ್ನು ಹೇಳಿದ್ದು ನಾನು ಕೇಳಿಯೇ ಇಲ್ಲ. ಬೇಸರವಾಗಿದ್ದರೆ ಪೇಟೆಯಿಂದ ಏನಾದರೂ ತಂದುಕೊಡುತ್ತಾರೆ, ಊಟಕ್ಕೆ ಕರೆಯುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಗುಡ್ಡೆಹೊಸೂರು ಹತ್ತಿರ ಬಂದಾಗ, ಬೇಕರಿಯಲ್ಲಿ ಅವಳಿಗೆ ಇಷ್ಟವಾದ ದಿಲ್‌ಪಸಂದ್ ತೆಗೆದುಕೊಳ್ಳಲೇ ಎಂದು ನಾನೂ ಯೋಚಿಸಿದೆ. ಗಾಡಿಯನ್ನು ನಿಧಾನವೂ ಮಾಡಿದೆ. ಆಮೇಲೆ ಬೇಕರಿ ದಾಟಿಸಿ ಮುಂದೆ ಹೋದೆ.

ನಮ್ಮ ಮನೆಯ ಮುಂದೆ ಎಂಜಿನ್ ಆಫ್ ಮಾಡಿದೆ. ಅವಳು ಬಾಗಿಲಿಗೆ ಕೈ ಹಾಕಿದಳು.

"ಇರು, ಇಳೀಬೇಡ" ಎಂದೆ. ಅವಳು ಕೈ ತೆಗೆಯಲಿಲ್ಲ, ಇಳಿಯಲೂ ಇಲ್ಲ. ನಾನು ಸ್ಟೇರಿಂಗ್ ಬಿಟ್ಟು ಅವಳ ಕಡೆ ತಿರುಗಿದೆ.

"ಅವತ್ತು ನಾನು ನೋಡಿರ್ಲಿಲ್ಲ ಕಣವ್ವ. ನೋಡ್ದೆ ಅಂತ ಸುಳ್ಳು ಹೇಳ್ದೆ. ನೋಡಿದ ಮೇಲೆ ಬಾಯಿ ಮುಚ್ಕೊಂಡಿದ್ದೆ. ಅದರಲ್ಲಿ ಸಾಹುಕಾರ್ರದ್ದು ಏನೂ ಇಲ್ಲ, ಎಲ್ಲಾ ನಂದೇ. ಮೈಸೂರಿಗೂ ನಾನೇ ಫೋನ್ ಮಾಡಿ ಹೇಳ್ತೀನಿ. ತಪ್ಪಾಯ್ತು ಕಣೆ, ನನ್ನಿಂದ ತಪ್ಪಾಯ್ತು."